ಲಂಡನ್‌ನಲ್ಲಿ ಮೊದಲ ದಿನ ಹೊಳೆಯ ದಂಡೆ ಹಿಡಿಯಿರಿ

ಸೆಪ್ಟೆಂಬರ್‌ನಲ್ಲಿ ಶಿವಮೊಗ್ಗದಿಂದ ಲಂಡನ್‌ಗೆ ಓದಲು ಹೋಗುತ್ತಿದ್ದೇನೆ, ತರಗತಿಗೆ ಮುಂಚೆ ಒಂದೇ ದಿನ ಬಿಡುವಿದೆ, ಏನು ನೋಡಲಿ ಎಂದು ಕೇಳಿದ್ದೀರಿ. ನಾನು ತೀರ್ಥಹಳ್ಳಿಯವನು. 2016ರ ಸೆಪ್ಟೆಂಬರ್‌ನಲ್ಲಿ ಹೀಗೆಯೇ ಹೋಗಿ ಇಳಿದವನು. ಹತ್ತು ಜಾಗಗಳ ಪಟ್ಟಿಯನ್ನು ದಯವಿಟ್ಟು ಮನೆಯಲ್ಲೇ ಬಿಟ್ಟುಹೋಗಿ. ಬ್ರಿಟಿಷ್ ಮ್ಯೂಸಿಯಂಗೆ ಪ್ರವೇಶ ಉಚಿತ, ಓದುವ ವರ್ಷದಲ್ಲಿ ಎಷ್ಟು ಸಲ ಬೇಕಾದರೂ ಹೋಗಬಹುದು. ಮೊದಲ ದಿನ ಥೇಮ್ಸ್ ದಂಡೆಗೆ ಸಾಕು.

ನನಗೂ ಇದು ತಿಳಿದಿರಲಿಲ್ಲ. ವಾಟರ್‌ಲೂ ನಿಲ್ದಾಣದ ಹೊರಗೆ ಕೆಂಪು ಬಸ್ ಹತ್ತಿ ನೋಟು ಚಾಚಿದೆ. ಲಂಡನ್ ಬಸ್ಸುಗಳಲ್ಲಿ 2014ರಿಂದಲೇ ನಗದು ನಡೆಯುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಕೆಳಗಿಳಿದು ನಡೆದೆ, ವೆಸ್ಟ್‌ಮಿನ್‌ಸ್ಟರ್ ಸೇತುವೆ ಸಿಕ್ಕಿತು.

ಸೇತುವೆಯಿಂದ ಬಗ್ಗಿ ನೋಡಿದರೆ ದಂಡೆಯಲ್ಲಿ ಕೆಸರು, ಜಲ್ಲಿಕಲ್ಲು. ಬೇಸಗೆಯ ತುಂಗೆಯ ಹಾಗೆ ಬತ್ತಿದೆ ಎಂದುಕೊಂಡೆ. ಮಧ್ಯಾಹ್ನ ಮತ್ತೆ ಅಲ್ಲಿಗೆ ಬಂದಾಗ ಜಲ್ಲಿ ಪೂರ್ತಿ ಮುಳುಗಿತ್ತು. ತೇಲುವ ಕಸಕಡ್ಡಿ ಸಮುದ್ರದ ಕಡೆಗೆ ಹೋಗದೆ ನದಿಯ ಮೇಲ್ಭಾಗಕ್ಕೆ ಸಾಗುತ್ತಿತ್ತು! ಸಮುದ್ರದ ಭರತ ಊರನ್ನು ದಾಟಿ ಒಳಗೆ ಬರುತ್ತದೆ, ದಿನಕ್ಕೆರಡು ಸಲ. ಏರಿಳಿತ ಏಳು ಮೀಟರ್‌ವರೆಗೂ ಇರುತ್ತದೆ. ನಮ್ಮೂರಿನ ರಾಮಮಂಟಪದ ಬಳಿ ಹುಟ್ಟಾರಭ್ಯ ಒಂದೇ ದಿಕ್ಕಿಗೆ ಹರಿಯುವ ಹೊಳೆ ಕಂಡವನಿಗೆ ಅರ್ಧ ಗಂಟೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ನೀವೂ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅದೇ ಜಾಗದಲ್ಲಿ ನಿಂತು ನೋಡಿ.

ಸೇತುವೆಯ ದಕ್ಷಿಣದ ತುದಿಯಲ್ಲಿ ಇಳಿದು ನದಿಗುಂಟ ಬಲಕ್ಕೆ ನಡೆಯಿರಿ. ಎದುರು ದಡದ ಉದ್ದಕ್ಕೂ ಸಂಸತ್ ಭವನ. ಈ ದಡದ ಗೋಡೆಯ ಮೇಲೆ ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರಲ್ಲಿ ಜನರೇ ಕೈಯಾರೆ ಬರೆದ ಕೆಂಪು ಹೃದಯಗಳಿವೆ, ಒಬ್ಬೊಬ್ಬರಿಗೆ ಒಂದೊಂದು. ಲ್ಯಾಂಬೆತ್ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ಬಸವಣ್ಣನವರು ಸಿಗುತ್ತಾರೆ.

ಆ ಪ್ರತಿಮೆ 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಪತ್ರಿಕೆಯಲ್ಲಿ ಓದಿದ್ದೆ, ಆದರೆ ಎಲ್ಲಿದೆಯೆಂದು ಹುಡುಕಿರಲಿಲ್ಲ. ಎದುರಾದಾಗ ಗಂಟಲು ಕಟ್ಟಿತು. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕ, ಇಬ್ಬರೂ ನಮ್ಮ ಶಿಕಾರಿಪುರದ ಕಡೆಯಿಂದಲೇ ಎದ್ದು ಕಲ್ಯಾಣಕ್ಕೆ ಹೋದವರಲ್ಲವೇ? ಬೆಂಚಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇವರು ಯಾರೆಂದು ಕೇಳಿದರು. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನೂ ಮಂತ್ರಿ ಬಸವಣ್ಣನೂ ಒಟ್ಟಿಗೆ ಕುಳಿತು ಮಾತನಾಡುತ್ತಿದ್ದರು ಎಂದು ನನ್ನ ಹರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಸಂಸತ್ತಿನ ಕಡೆಗೊಮ್ಮೆ, ಪ್ರತಿಮೆಯ ಕಡೆಗೊಮ್ಮೆ ನೋಡಿದರು. ಆ ದೇಶದಲ್ಲಿ ನಾನು ಬೆದರದೆ ಆಡಿದ ಮೊದಲ ಮಾತುಕತೆ ಅದು.

ಮಳೆಗೆ ಅಂಜಬೇಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಸುರಿದರೆ ಲಂಡನ್‌ನಲ್ಲಿ ಸುಮಾರು 600. ಜಡಿಮಳೆ ಕಂಡವರಿಗೆ ಅದು ತುಂತುರು. ಕಾಡುವುದು ಗಾಳಿ, ಕೊಡೆಗಿಂತ ಟೋಪಿಯಿರುವ ಜಾಕೆಟ್ ಮೇಲು.

ಮನೆಗೆ ಫೋನ್ ಮಾಡಲು ಸಂಜೆಯವರೆಗೆ ಕಾಯಬೇಡಿ. ಆಗ ನಮ್ಮಲ್ಲಿ ನಾಲ್ಕೂವರೆ ಗಂಟೆ ಮುಂದಿರುತ್ತದೆ. ನಾನು ಮೂರು ಗಂಟೆಗೆ ನದಿಯ ದಂಡೆಯಿಂದಲೇ ಮಾಡಿದಾಗ ಅಮ್ಮ ರಾತ್ರಿಯ ಅಡುಗೆಗೆ ಕುಳಿತಿದ್ದರು. ಮೊದಲು ಕೇಳಿದ್ದು ಊಟದ ವಿಷಯ, ಆಮೇಲೆ ಅಲ್ಲಿ ಹೊಳೆ ಇದೆಯೇ ಎಂದು.