ವೀಕೆಂಡಿಗೆ ಊರಿಗೆ ಹೋಗಿ ಶುಗರ್ ಇರುವ ಅಮ್ಮನಿಗೆ ಹೆಲ್ದಿ ಅಡುಗೆ ಕಲಿಸಬೇಕು. ಓಟ್ಸ್ ತಗೊಳ್ಳಲೋ, ಕೀನ್ವಾ ತಗೊಳ್ಳಲೋ?

ಎರಡೂ ಬೇಡ.

ಕಾರವಾರದ ಮನೆ, ಅಮ್ಮ ಒಬ್ಬರೇ, ಎರಡೇ ದಿನ ರಜೆ, ಶನಿವಾರ ಶಾಪಿಂಗ್, ಭಾನುವಾರ ಅಡುಗೆ. ನಿಮ್ಮ ಪ್ರಶ್ನೆ ಓದುವಾಗ ನನ್ನದೇ ಹಳೇ ಮೆಸೇಜು ಓದಿದ ಹಾಗಾಯಿತು. 2022ರ ಮೇ ತಿಂಗಳಲ್ಲಿ ಇದೇ ಪಟ್ಟಿ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಬೆಂಗಳೂರಲ್ಲಿ ಪಂಚಗಂಗಾ ರೈಲು ಹತ್ತಿದವಳು ನಾನು.

ನಮ್ಮದು ಮೂಲ ಅಂಕೋಲೆ ಕಡೆ. ಅಪ್ಪ ಹೋದ ಮೇಲೆ ಆಯಿ, ಅಂದರೆ ನಮ್ಮಮ್ಮ, ಕಾರವಾರದಲ್ಲಿ ಒಬ್ಬಳೇ. ಆ ಸಲ ಅವಳ ಎಚ್‌ಬಿಎ1ಸಿ 8.4 ಬಂದಿತ್ತು. ಅದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆ, ನಿಮಗೂ ಗೊತ್ತಿರುತ್ತದೆ. ರಿಪೋರ್ಟ್ ನೋಡಿ ನನಗೆ ಭಯಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಮೂರು ಹೊತ್ತೂ ಅನ್ನ ತಿಂದರೆ ಇನ್ನೇನಾಗುತ್ತದೆ ಅಂತ.

ಶನಿವಾರ ಬೆಳಿಗ್ಗೆ ಇಳಿದವಳೇ ಆಯಿಯನ್ನು ಕರಕೊಂಡು ಪೇಟೆಗೆ ಹೋದೆ. ಓಟ್ಸ್, ಕೀನ್ವಾ, ಆಲಿವ್ ಎಣ್ಣೆ, ಶುಗರ್ ಫ್ರೀ ಬಿಸ್ಕೀಟು, ಚಹಾಕ್ಕೆ ಸಕ್ಕರೆ ಬದಲು ಹಾಕುವ ಗುಳಿಗೆ, ಒಂದು ನಾನ್‌ಸ್ಟಿಕ್ ಕಾವಲಿ. ಬಿಲ್ಲು 2,860 ರೂಪಾಯಿ. ಆಯಿ ಕೀನ್ವಾ ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಕೋಳಿಗೆ ಹಾಕೂದಾ?" ಎಂದಳು. ನಕ್ಕುಬಿಟ್ಟೆ.

ಮನೆಗೆ ಬಂದು ಕುಚ್ಚಲಕ್ಕಿ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಸಕ್ಕರೆ, ಜೋನಿಬೆಲ್ಲ ಎರಡನ್ನೂ ಪಕ್ಕದ ಮನೆಗೆ ಕೊಟ್ಟೆ. ರಾತ್ರಿಗೆ ಸೂಪು, ಬೇಯಿಸಿದ ತರಕಾರಿ. ಆಯಿ ಮಾತಿಲ್ಲದೆ ತಿಂದಳು. "ಹೊಟ್ಟೆ ತುಂಬ್ತಾ?" ಅಂದರೆ "ತುಂಬ್ತು" ಅಂದಳು. ಬೆಳಿಗ್ಗೆ ಎದ್ದು ಯಾವತ್ತಿನ ಹಾಗೆ ಶುಗರ್ ಮಾತ್ರೆ ನುಂಗಿದಳು. ನಾನು ನೀರಲ್ಲಿ ಬೇಯಿಸಿದ ಮೂರು ಚಮಚ ಓಟ್ಸ್ ಕೊಟ್ಟೆ. ಹತ್ತೂವರೆಯ ಗಂಜಿ ಇಲ್ಲ. ನೇರ ರವಿವಾರದ ಸಂತೆಗೆ.

ಆ ಸಂತೆ ನಿಮಗೆ ಗೊತ್ತಲ್ಲ. ಹುಬ್ಬಳ್ಳಿ, ಹಾವೇರಿ ಕಡೆಯ ತರಕಾರಿಯವರು ಒಂದು ಬದಿ ಕೂಗುತ್ತಿದ್ದರೆ, ಇನ್ನೊಂದು ಬದಿ ಅಂಕೋಲೆ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸರು ಬಸಳೆ, ಹರಿವೆ, ಮೊಗೆಕಾಯಿ ಹರಡಿಕೊಂಡು ಸುಮ್ಮನೆ ಕೂತಿರುತ್ತಾರೆ. ಆಯಿ ಹೋಗುವುದು ಯಾವಾಗಲೂ ಇವರ ಹತ್ತಿರ. ದಾರಿಯಲ್ಲಿ ಕರಿ ಈಶಾಡು ಮಾವಿನ ಬುಟ್ಟಿ ಮುಂದೆ ನಿಂತಳು. ಆಯಾ ಊರಿನ ವಿಶೇಷ ಬೆಳೆಗೆ ಕೊಡುವ ಜಿಐ ಟ್ಯಾಗ್ 2023ರಲ್ಲಿ ಬಂದಿದ್ದು ಈ ಹಣ್ಣಿಗೇ, ಆಯಿಗೆ ಮಾತ್ರ ಅದು ತವರಿನ ಹಣ್ಣು. ಒಂದನ್ನು ಮೂಸಿ ನೋಡಿದಳು. ನಾನು ಕೈ ಹಿಡಿದು ಎಳೆದುಕೊಂಡು ಹೋದೆ.

ಇನ್ನು ಹತ್ತು ನಿಮಿಷಕ್ಕೆ ಬಸಳೆ ಕಟ್ಟು ಹಿಡಿದಿದ್ದ ಅವಳ ಕೈ ನಡುಗತೊಡಗಿತು. ಕುಪ್ಪಸ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. ಮೇ ತಿಂಗಳ ಕಾರವಾರ, ಯಾರಿಗೆ ಬೆವರುವುದಿಲ್ಲ? ನೆರಳಿಗೆ ಕೂರಿಸಿ ಉಪ್ಪು ಹಾಕಿದ ಮಜ್ಜಿಗೆ ತಂದು ಕೊಟ್ಟೆ. ಹತ್ತರ ನೋಟನ್ನು ಮತ್ತೆ ಮತ್ತೆ ಎಣಿಸುತ್ತಿದ್ದಳು. "ಆಯಿ" ಅಂದರೆ ನನ್ನ ಮುಖ ನೋಡಿ, ತೀರಿಕೊಂಡ ನಮ್ಮ ಅತ್ತೆಯ ಹೆಸರು ಹೇಳಿದಳು. ಚೀಲಕ್ಕೆ ಕೈ ಹಾಕಿದೆ. ಅದರಲ್ಲಿ ಇದ್ದದ್ದು ಶುಗರ್ ಫ್ರೀ ಬಿಸ್ಕೀಟು. ಸಕ್ಕರೆ ಅನ್ನುವುದು ಒಂದು ಕಣವೂ ಇಲ್ಲದ ಹಾಗೆ ನಾನೇ ನೋಡಿಕೊಂಡಿದ್ದೆನಲ್ಲ!

ಬಸಳೆ ಮಾರುತ್ತಿದ್ದ ಹೆಂಗಸು ಕೊರಳ ತುಂಬ ಇದ್ದ ಮಣಿಸರ ಸರಿಸಿಕೊಂಡು ಬಗ್ಗಿ ನೋಡಿದಳು. "ಸಕ್ರಿ ಇಳ್ದದ್ದು ಇದು. ನಮ್ಮನೇಲೂ ಒಬ್ರಿಗೆ ಹೀಂಗೇ ಆಗ್ತದೆ" ಅಂದವಳೇ ತಾನು ಅರ್ಧ ಕುಡಿದಿಟ್ಟಿದ್ದ ಚಹಾದ ಗ್ಲಾಸನ್ನು ಆಯಿಯ ತುಟಿಗೆ ಹಿಡಿದಳು. ಸಂತೆಯ ಚಹಾ, ಪಾಕದ ಹಾಗೆ ಸಿಹಿ. ಆಮೇಲೆ ಮತ್ತೊಂದು ಗ್ಲಾಸು ತರಿಸಿದಳು. ಮೆಡಿಕಲ್ ಶಾಪಿನ ಹುಡುಗ ಗ್ಲುಕೋಮೀಟರ್ ತಂದು ರಕ್ತದ ಸಕ್ಕರೆ ನೋಡಿದಾಗ 64. ಅಷ್ಟು ಸಿಹಿ ಒಳಗೆ ಹೋದ ಮೇಲೆ!

ನನ್ನ ತಪ್ಪು ಏನು ಅಂತ ನಿಧಾನಕ್ಕೆ ಹೇಳುತ್ತೇನೆ, ಯಾಕೆಂದರೆ ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ತಪ್ಪು ಓಟ್ಸಿನದ್ದಲ್ಲ. ಆಯಿ ತಗೊಳ್ಳುತ್ತಿದ್ದ ಮಾತ್ರೆಯಲ್ಲಿ ಮೆಟ್‌ಫಾರ್ಮಿನ್ ಜತೆ ಗ್ಲಿಮೆಪಿರೈಡ್ ಇತ್ತು. ಮೆಟ್‌ಫಾರ್ಮಿನ್ ಒಂದೇ ಆದರೆ ಸಾಮಾನ್ಯವಾಗಿ ಸಕ್ಕರೆ ಹೀಗೆ ಕುಸಿಯುವುದಿಲ್ಲ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಇವೆಲ್ಲ ಬೇರೆ ಜಾತಿಯವು. ನೀವು ಉಂಡಿರಲಿ ಬಿಡಲಿ, ಮೇದೋಜೀರಕ ಗ್ರಂಥಿಯಿಂದ ಸಕ್ಕರೆ ಇಳಿಸುವ ಇನ್ಸುಲಿನ್ ಹೊರಡಿಸುತ್ತವೆ. ಡಾಕ್ಟರು ಆ ಡೋಸು ಬರೆದದ್ದು ದೋಸೆ ತಿಂದು, ಗಂಜಿ ಕುಡಿದು, ಮಧ್ಯಾಹ್ನ ಎರಡು ಸೌಟು ಅನ್ನ ಉಣ್ಣುವ ಹೆಂಗಸಿಗೆ. ನಾನು ಅನ್ನ ಕಿತ್ತುಕೊಂಡೆ, ಗಂಜಿ ಕಿತ್ತುಕೊಂಡೆ, ಒಂದೂವರೆ ತಾಸು ಬಿಸಿಲಲ್ಲಿ ನಡೆಸಿದೆ, ಮಾತ್ರೆಯನ್ನು ಮಾತ್ರ ಹಾಗೇ ಬಿಟ್ಟೆ. ಇನ್ಸುಲಿನ್ ಬಂತು, ಅದಕ್ಕೆ ಬೇಕಾದ ಅನ್ನ ಬರಲಿಲ್ಲ. ಊಟ ಬದಲಿಸುವ ಮುಂಚೆ ಡಾಕ್ಟರಿಗೆ ಒಂದು ಫೋನ್ ಮಾಡಿದ್ದರೆ ಮುಗಿದಿತ್ತು. ಬೆಂಗಳೂರಲ್ಲಿ ಕೂತು ಓಟ್ಸಿನ ಬಗ್ಗೆ ಹನ್ನೆರಡು ವಿಡಿಯೋ ನೋಡಿದ್ದೆ. ಮಾತ್ರೆ ಪಟ್ಟಿಯ ಹಿಂಬದಿ ಏನು ಬರೆದಿದೆ ಅಂತ ಒಂದು ಸಲವೂ ನೋಡಿರಲಿಲ್ಲ.

ಇನ್ಸುಲಿನ್ ಇಂಜೆಕ್ಷನ್ ತಗೊಳ್ಳುವವರಿಗೂ ಇದೇ ಅಪಾಯ. ರಕ್ತದ ಸಕ್ಕರೆ 70ರ ಕೆಳಗೆ ಹೋದರೆ ಕಡಿಮೆ ಅಂತಲೇ ಲೆಕ್ಕ. ನಡುಕ, ತಣ್ಣನೆ ಬೆವರು, ಅಸಂಬದ್ಧ ಮಾತು ಬಂದರೆ ಸುಮಾರು 15 ಗ್ರಾಂ, ಅಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕರಗಿಸಿ ಕೊಡಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಆಮೇಲೆ ಊಟ. ತುಪ್ಪದ ಲಾಡು, ಚಾಕೊಲೇಟು ಬೇಡ, ಜಿಡ್ಡಿನ ಜತೆ ಸಕ್ಕರೆ ರಕ್ತಕ್ಕೆ ಸೇರುವುದು ನಿಧಾನ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ.

ಅವತ್ತು ಸಂಜೆಯ ರೈಲು ತಪ್ಪಿಸಿಕೊಂಡೆ, ಸೋಮವಾರ ರಜೆ ಹಾಕಿದೆ. ಡಾಕ್ಟರು ಬೈದು, ಡೋಸು ಇಳಿಸಿದರು. ಅದೆಲ್ಲ ಸರಿಹೋಯಿತು. ಆಯಿ ಮಾತ್ರ ಮುಂದಿನ ಎಂಟು ತಿಂಗಳು ನನ್ನ ಜತೆ ಸಂತೆಗೆ ಬರಲಿಲ್ಲ. "ಕಾಲು ನೋಯ್ತದೆ, ನೀನು ಹೋಗಿ ಬಾ ಮಗಾ" ಅನ್ನುತ್ತಿದ್ದಳು. ನಾನು ಬೆಂಗಳೂರಿಗೆ ಹೋದ ಮಾರನೇ ರವಿವಾರ ಅವಳೇ ಚೀಲ ಹಿಡಿದು ಹೋಗುತ್ತಿದ್ದಳಂತೆ. ಪಕ್ಕದ ಮನೆಯವರು ಹೇಳಿದ್ದು.

ಹಾಗಾಗಿ ಕಲಿಸುವ ಮಾತೇ ಬಿಡಿ. ನಿಮ್ಮ ಅಮ್ಮನಿಗೆ ಅಡುಗೆ ಬರುತ್ತದೆ. ಬಸಳೆಯ ಹುಳಿ, ಒಂದೆಲಗದ ತಂಬಳಿ, ಹರಿವೆ ಪಲ್ಯ, ಮುರುಗಲು ಸಿಪ್ಪೆಯ ಸಾರು, ಮೀನು ತಿನ್ನುವವರಾದರೆ ತಿರ್ಫಳ ಅನ್ನುವ ಮಸಾಲೆ ಕಾಯಿ ಹಾಕಿದ ಬಂಗಡೆ. ಇದಕ್ಕಿಂತ ಹೆಲ್ದಿ ಅಂತ ಇನ್ನೇನು ಬೇಕು? ಬದಲಿಸಬೇಕಾದ್ದು ಸೌಟಿನ ಲೆಕ್ಕ ಮಾತ್ರ, ಅದೂ ಡಾಕ್ಟರಿಗೆ ಹೇಳಿ. ನಮ್ಮಲ್ಲಿ ಎರಡು ಸೌಟು ಕುಚ್ಚಲಕ್ಕಿ ಅನ್ನ ನಿಧಾನಕ್ಕೆ ಒಂದಾಯಿತು, ಪಲ್ಯ ಎರಡು ಪಾಲಾಯಿತು, ಬಂಗಡೆ ಹುರಿಯುವುದು ಬಿಟ್ಟು ಸಾರಿಗೆ ಬಿತ್ತು. ಒಣಮೀನು, ಉಪ್ಪಿನಕಾಯಿಯ ವಿಷಯಕ್ಕೆ ಇನ್ನೂ ಜಗಳ ಇದೆ, ಆಯಿಗೆ ಬಿಪಿಯೂ ಇದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವುದಿಲ್ಲವಲ್ಲ, ಆ ಎರಡು ತಿಂಗಳು ಒಣಮೀನಿನ ಮೇಲೆ ಅವಳ ಪ್ರೀತಿ ಉಕ್ಕುತ್ತದೆ.

ಶಾಪಿಂಗ್ ಮಾಡಲೇಬೇಕು ಅಂತಿದ್ದರೆ ಗ್ಲುಕೋಮೀಟರ್ ಮತ್ತು ಸ್ಟ್ರಿಪ್ ತಗೊಳ್ಳಿ, ಸ್ಟ್ರಿಪ್ಪಿನ ಎಕ್ಸ್‌ಪೈರಿ ನೋಡಿ. ಊಟಕ್ಕೆ ಮುಂಚೆ ಒಮ್ಮೆ, ಊಟ ಶುರು ಮಾಡಿ ಎರಡು ತಾಸಿಗೆ ಒಮ್ಮೆ ಅಮ್ಮನೇ ಚುಚ್ಚಿ ನೋಡಿಕೊಳ್ಳಲಿ. ಯಾವ ತಿಂಡಿಗೆ ಎಷ್ಟು ಏರುತ್ತದೆ ಅಂತ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಈಗ ಆಯಿಗೆ ಒಂದು ಆಟ. ಪ್ಯಾಕೆಟ್ಟಿನ ಮಸಾಲಾ ಓಟ್ಸಿಗಿಂತ ಅವಳ ಒಂದು ಸೌಟು ಅನ್ನ, ಬಸಳೆ, ಬಂಗಡೆಗೆ ಏರಿದ್ದು ಕಡಿಮೆ. ಆ ಎರಡು ನಂಬರನ್ನು ಪಕ್ಕಪಕ್ಕ ಬರೆದು ನನಗೆ ಫೋಟೋ ಕಳಿಸಿದ್ದಳು, ಕೆಳಗೆ ಏನೂ ಬರೆಯದೆ.

ಸಂತೆಗೆ ಹೋದರೆ ಅಮ್ಮ ಮುಂದೆ ನಡೆಯಲಿ, ನೀವು ಹಿಂದೆ ಚೀಲ ಹೊರಿ. ಹೊರ ಖಾನೆಯಲ್ಲಿ ಒಂದು ಸಣ್ಣ ಸಕ್ಕರೆ ಪೊಟ್ಟಣ ಇರಲಿ. ಮಾತ್ರೆಯ ಹೆಸರು ಹಾಕಿ ನನ್ನನ್ನು ಮಾತ್ರ ಕೇಳಬೇಡಿ, ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಮಾತ್ರೆ ಪಟ್ಟಿ ತಗೊಂಡು ಅಮ್ಮನ ಡಾಕ್ಟರ ಹತ್ತಿರವೇ ಹೋಗಿ, ಶನಿವಾರ ಬೆಳಿಗ್ಗೆಯೇ, ಪೇಟೆಗೆ ಹೋಗುವ ಮುಂಚೆ.