ಪಿಕಪ್ ಒಳಗೆ ಪವರ್ ಟಿಲ್ಲರ್ ಕಟ್ಟಲು ಕೊಂಡಿಗಳನ್ನು ನಾವೇ ಮಾಡಿಕೊಳ್ಳಬಹುದೇ?

ಬೊಲೆರೊ ಪಿಕಪ್‌ನ ಹೊರಮೈಯಲ್ಲಿ ಹಗ್ಗದ ಕೊಕ್ಕೆಗಳಿವೆ, ಒಳಗೆ ನೆಲದಲ್ಲಿ ಏನೂ ಇಲ್ಲ, ಟಿಲ್ಲರ್ ಹೇರಿದರೆ ತಿರುವಿನಲ್ಲಿ ಜರುಗುತ್ತದೆ, ಸರಳು ಬಗ್ಗಿಸಿ ನೆಲದ ಶೀಟಿಗೆ ವೆಲ್ಡ್ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ಕೊಂಡಿ ಖಂಡಿತ ನೀವೇ ಮಾಡಿಕೊಳ್ಳಬಹುದು. ಆದರೆ ಶೀಟಿಗೆ ವೆಲ್ಡ್ ಮಾಡಬೇಡಿ.

ನಾನು ಫ್ಯಾಬ್ರಿಕೇಶನ್ ಕೆಲಸದವನು. ಕಿತ್ತು ಬಂದ ಕೊಂಡಿಗಳನ್ನು ನೋಡಿದ್ದೇನೆ. ಕೊಂಡಿ ನೆಟ್ಟಗೇ ಇರುತ್ತದೆ, ಅದರ ಸುತ್ತಲಿನ ಶೀಟು ಹರಿದಿರುತ್ತದೆ. ಹಾಗಾಗಿ ಎಷ್ಟು ದಪ್ಪದ ಸರಳು ಅನ್ನುವುದಕ್ಕಿಂತ ಮೊದಲು, ಕೆಳಗೆ ಅದು ಯಾವುದನ್ನು ಹಿಡಿದಿದೆ ಎಂದು ಯೋಚಿಸಬೇಕು.

ಎಳೆತ ಎಷ್ಟು ಬರುತ್ತದೆ ನೋಡಿ. ಟಿಲ್ಲರ್ 400 ಕೆಜಿ ಅಂದುಕೊಳ್ಳೋಣ. ಅಮೆರಿಕ, ಯುರೋಪಿನ ಸರಕು ಕಟ್ಟುವ ನಿಯಮಗಳು ಜೋರು ಬ್ರೇಕಿಗೆ ತೂಕದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ಬಲ ತಡೆಯಬೇಕು ಅನ್ನುತ್ತವೆ. ಮುಂದಕ್ಕೆ 320 ಕೆಜಿ ಆಯಿತು. ಹಿಂದಿನ ಎರಡು ಕೊಂಡಿಗಳು ಅದನ್ನು ಸಮನಾಗಿ ಹಂಚಿಕೊಂಡು, ಟಿಲ್ಲರಿನಿಂದ ಕೊಂಡಿಗೆ ಬಿಗಿಯುವ ಪಟ್ಟಿ 45 ಡಿಗ್ರಿಯಲ್ಲಿ ಇಳಿದಿದ್ದರೆ ಒಂದೊಂದು ಪಟ್ಟಿಯ ಮೇಲೆ ಸುಮಾರು 225 ಕೆಜಿ. ಪಟ್ಟಿ ಪಕ್ಕಕ್ಕೂ ಓರೆಯಾಗಿದ್ದರೆ ಇನ್ನಷ್ಟು. ಗುಂಡಿಯ ಜರ್ಕು ಬೇರೆ. ನಾನಾದರೆ ಪ್ರತಿ ಕೊಂಡಿಯನ್ನೂ ಕನಿಷ್ಠ 500 ಕೆಜಿ ತಾಳುವ ಹಾಗೆ ಮಾಡುತ್ತೇನೆ.

ಮಾಡುವ ಕ್ರಮ ಹೀಗೆ. ಗಾಡಿಯ ಕೆಳಗೆ ಮಲಗಿ, ಬಾಡಿಯ ನೆಲವನ್ನು ಹೊತ್ತಿರುವ ಅಡ್ಡ ಕ್ರಾಸ್ ಮೆಂಬರ್‌ಗಳ ಅಗಲ, ಎತ್ತರ ಎರಡನ್ನೂ ಅಳೆಯಿರಿ. 12 ಎಂಎಂ ನುಣುಪು ಎಂಎಸ್ (ಮೈಲ್ಡ್ ಸ್ಟೀಲ್, ಸಾದಾ ಮೆದು ಉಕ್ಕು) ರಾಡನ್ನು ಆ ಅಗಲಕ್ಕಿಂತ ತುಸು ಜಾಸ್ತಿ ಇರುವ ಯು ಆಕಾರಕ್ಕೆ ಬಗ್ಗಿಸಿ, ಎರಡೂ ಕಾಲಿಗೆ ಎಂ12 ಥ್ರೆಡ್ ಹಾಕಿಸಿ. ಕಾಲುಗಳು ಕ್ರಾಸ್ ಮೆಂಬರ್‌ನ ಎರಡೂ ಪಕ್ಕ ಇಳಿಯಬೇಕು, ಕೆಳಗೆ 6 ಎಂಎಂ ಪ್ಲೇಟು ಅದರ ಹೊಟ್ಟೆಗೆ ಅಡ್ಡಲಾಗಿ ಕೂರಬೇಕು. ಲೀಫ್ ಸ್ಪ್ರಿಂಗನ್ನು ಯು-ಬೋಲ್ಟ್ ಅಪ್ಪಿ ಹಿಡಿಯುವ ಹಾಗೆಯೇ. ಆಗ ಎಳೆತ ಶೀಟಿಗೆ ಹೋಗದೆ ನೇರ ಕ್ರಾಸ್ ಮೆಂಬರ್‌ಗೆ ಹೋಗುತ್ತದೆ, ಅದಕ್ಕೆ ತೂತು ಕೊರೆಯುವ ಅಗತ್ಯವೂ ಇಲ್ಲ. ನೆಲದ ಮೇಲೂ ಒಂದು ಪ್ಲೇಟು, ಅದರ ಮೇಲೆ ಒಂದೊಂದು ನಟ್ಟು. ಕೆಳಗಿನ ನಟ್ಟುಗಳು ನೈಲಾಕ್ ಇರಲಿ, ಅಂದರೆ ಒಳಗೆ ನೈಲಾನ್ ಬಳೆಯಿದ್ದು ಸುಲಭಕ್ಕೆ ಸಡಿಲವಾಗದ ನಟ್ಟು. ಶೀಟಿನ ಏರುತಗ್ಗಿನ ಮೇಲೆ ಪ್ಲೇಟು ಸಮನಾಗಿ ಕೂರದಿದ್ದರೆ ಫ್ಲಾಟ್ ತುಂಡು ಇಟ್ಟು ಸಂದು ತುಂಬಿ, ಇಲ್ಲದಿದ್ದರೆ ಓಡಾಟದಲ್ಲಿ ನಟ್ಟು ಸಡಿಲವಾಗುತ್ತದೆ. ಚಾಸಿಯ ಉದ್ದ ರೈಲಿಗೆ ಮಾತ್ರ ಯಾವ ಕಾರಣಕ್ಕೂ ಡ್ರಿಲ್ ಹಾಕಬೇಡಿ. ಶೀಟು ಕೊರೆಯುವ ಮುಂಚೆ ಆ ಜಾಗದ ಕೆಳಗೆ ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಇಲ್ಲವೆಂದು ಕೈಯಿಂದ ಮುಟ್ಟಿ ನೋಡಿ.

ಮನೆ ಕಟ್ಟಿ ಉಳಿದ ಟಿಎಂಟಿ ಸರಳು ಎಲ್ಲರ ಹಿತ್ತಿಲಲ್ಲೂ ಬಿದ್ದಿರುತ್ತದೆ, ಅದನ್ನೇ ಬಳಸುವ ಆಸೆ ಸಹಜ. ಬೇಡ. ಅದರ ಬಲವಿರುವುದು ಹೊರಗಿನ ಗಟ್ಟಿ ಪದರದಲ್ಲಿ, ಒಳಗೆ ಮೆತ್ತಗಿನ ತಿರುಳು. ಥ್ರೆಡ್ ಹಾಕಿದರೆ ಆ ಗಟ್ಟಿ ಪದರವನ್ನೇ ಕೆತ್ತಿ ತೆಗೆದಂತೆ. 8.8 ಗ್ರೇಡಿನ (ಹದ ಕೊಟ್ಟು ಗಟ್ಟಿ ಮಾಡಿದ) ಬೋಲ್ಟನ್ನು ಕಾಯಿಸಿ ಬಗ್ಗಿಸುವುದೂ ತಪ್ಪು, ಕೆಂಪಗೆ ಕಾಯಿಸಿದರೆ ಅದಕ್ಕೆ ಕೊಟ್ಟ ಹದ ಹೋಗಿಬಿಡುತ್ತದೆ. ಅಂಗಡಿಯ ಸಾದಾ ಐ-ಬೋಲ್ಟ್ (ತಲೆಯಲ್ಲಿ ಬಳೆಯಿರುವ ಬೋಲ್ಟ್) ಕೂಡ ನನಗೆ ಒಪ್ಪಿಗೆಯಿಲ್ಲ. ಅದು ನೆಟ್ಟಗೆ ಎತ್ತಲು ಮಾಡಿದ್ದು, ಓರೆ ಎಳೆತಕ್ಕೆ ಅದರ ಶಕ್ತಿ ತೀರಾ ಕುಸಿಯುತ್ತದೆ.

ಬೇರೆ ಯಾವುದಕ್ಕಾದರೂ ಗಾಡಿಯ ಮೇಲೆ ವೆಲ್ಡಿಂಗ್ ಮಾಡಿಸಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಸಿ, ಈಗಿನ ಗಾಡಿಗಳ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸುಟ್ಟರೆ ಖರ್ಚು ದೊಡ್ಡದು. ಜಿಂಕ್ ಲೇಪನವಿರುವ ಪ್ಲೇಟಾದರೆ ಲೇಪನ ಗ್ರೈಂಡ್ ಮಾಡಿ ತೆಗೆದೇ ವೆಲ್ಡ್ ಆಗಬೇಕು, ಆ ಹೊಗೆ ಕುಡಿದರೆ ಜ್ವರ ಬರುತ್ತದೆ.

ಕೊರೆದ ಅಂಚಿಗೆ ಪ್ರೈಮರ್, ಮೇಲೆ ಪೇಂಟು, ಪ್ಲೇಟಿನಡಿ ಸಿಲಿಕೋನ್. ಗೊಬ್ಬರ ಹೇರುವ ಗಾಡಿಯಾದರೆ ಇದನ್ನು ಬಿಡಲೇಬೇಡಿ. ಕೊಂಡಿಗಳನ್ನು ಆದಷ್ಟು ಮೂಲೆಗೆ ಹಾಕಿ. ನಡುವೆ ಇದ್ದರೆ ಮರಳು ಎಳೆಯುವಾಗ ಸಲಿಕೆಗೆ ತಗಲುತ್ತದೆ, ಮೂಟೆ ಹರಿಯುತ್ತದೆ.

ಕಟ್ಟುವಾಗ ಟಿಲ್ಲರಿನ ಹ್ಯಾಂಡಲ್‌ಗೆ ಪಟ್ಟಿ ಹಾಕಬೇಡಿ, ಮುಖ್ಯ ಫ್ರೇಮಿಗೆ ಹಾಕಿ. ಗೇರಿನಲ್ಲಿಟ್ಟು ಚಕ್ರಕ್ಕೆ ಮರದ ಅಡೆ ಕೊಡಿ. ನೈಲಾನ್ ಹಗ್ಗ ಹಿಗ್ಗುತ್ತದೆ, ಹಿಡಿ ಆಡಿಸಿ ಬಿಗಿ ಮಾಡುವ ರ‍್ಯಾಚೆಟ್ ಪಟ್ಟಿಯೇ ಆಗಬೇಕು, ಮುಂದಕ್ಕೆ ಎರಡು, ಹಿಂದಕ್ಕೆ ಎರಡು. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ ಮತ್ತೆ ಬಿಗಿ ಮಾಡಿ, ಮೊದಲ ಕೆಲವು ಲೋಡಿನ ನಂತರ ಕೆಳಗಿನ ನಟ್ಟುಗಳಿಗೂ ಸ್ಪ್ಯಾನರ್ ಹಾಕಿ ನೋಡಿ. ನಿಮ್ಮ ಹಿಂದೆ ಬೈಕಿನಲ್ಲಿ ಮಗುವನ್ನು ಕೂರಿಸಿಕೊಂಡು ಬರುವವರಿರುತ್ತಾರೆ, ಅವರಿಗೆ ನಿಮ್ಮ ಕೊಂಡಿ ಕಾಣುವುದಿಲ್ಲ.

ಕ್ರಾಸ್ ಮೆಂಬರ್‌ಗೇ ತುಕ್ಕು ಹಿಡಿದಿದ್ದರೆ ಮೇಲೆ ಹೇಳಿದ್ದು ಯಾವುದೂ ನಿಲ್ಲುವುದಿಲ್ಲ. ಸುತ್ತಿಗೆಯಿಂದ ತಟ್ಟಿ ನೋಡಿ, ಹಕ್ಕಳೆ ಉದುರಿದರೆ ಮೊದಲು ಅದನ್ನು ಬದಲಾಯಿಸಿ.