ವಾಹನ ಪ್ರಶ್ನೋತ್ತರ: ವಾಲ್ವ್ ತೆಗೆದರೆ ಇಂಜಿನ್ ತಂಪಾಗುತ್ತದೆಯೇ?

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ತೋಟದಲ್ಲಿ ಹಳೆಯ ಡೀಸೆಲ್ ಜೀಪೊಂದಿದೆ. ತಿಂಗಳಿಗೆ ಎರಡು ಮೂರು ಸಲ ಬೆಳ್ತಂಗಡಿಗೆ ಹೋಗಿ ಬರುತ್ತೇನೆ. ಊರಿನ ಓಡಾಟದಲ್ಲಿ ತೊಂದರೆಯಿಲ್ಲ. ಹಿಂದಿರುಗುವಾಗ ಸಾಮಾನು ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತಿದರೆ ಮಾತ್ರ ಕೊಟ್ಟಿಗೆಹಾರ ತಲುಪುವ ಮೊದಲೇ ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಥರ್ಮೋಸ್ಟಾಟ್ ವಾಲ್ವ್ ತೆಗೆದುಹಾಕಿ, ನಾಲ್ಕು ಸಾಲು ಕೊಳವೆಗಳಿರುವ ದೊಡ್ಡ ರೇಡಿಯೇಟರ್ ಕೂರಿಸಿ, ಮುಂದೆ ಒಂದು ಎಲೆಕ್ಟ್ರಿಕ್ ಫ್ಯಾನ್ ಹಾಕಿಕೊಡುತ್ತೇನೆ ಎಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಇಂಜಿನ್ ಎಷ್ಟು ತಂಪಾಗಿದ್ದರೆ ಅಷ್ಟು ಒಳ್ಳೆಯದಲ್ಲವೇ?

ಉತ್ತರ: ಅಲ್ಲ. ಇಂಜಿನ್ನಿಗೆ ಬೇಕಾದದ್ದು ತಂಪಲ್ಲ, ಒಂದೇ ಮಟ್ಟದಲ್ಲಿ ನಿಲ್ಲುವ ಬಿಸಿ. ಇಂತಹ ಇಂಜಿನ್ನುಗಳ ಪಿಸ್ಟನ್ನು, ರಿಂಗು, ಬೇರಿಂಗುಗಳ ನಡುವಿನ ಸಂದುಗಳನ್ನು ಕೂಲಿಂಗ್ ನೀರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ ಎಂಬ ಲೆಕ್ಕದ ಮೇಲೆಯೇ ಇಟ್ಟಿರುತ್ತಾರೆ. ಅದಕ್ಕಿಂತ ತಣ್ಣಗೆ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆ ಬರುತ್ತದೆ, ಉರಿಯದ ಇಂಧನ ಸಿಲಿಂಡರಿನ ಗೋಡೆಯಿಂದ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ, ಹೊಗೆಯಲ್ಲಿರುವ ನೀರಿನ ಆವಿ ಗೋಡೆಯ ಮೇಲೆ ಹನಿಗಟ್ಟಿ ಗಂಧಕದ ಅಂಶದೊಡನೆ ಸೇರಿ ಆಮ್ಲವಾಗುತ್ತದೆ. ಸದಾ ತಣ್ಣಗೆ ಓಡುವ ಇಂಜಿನ್ನಿನ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ನೋಡಿ, ಒಳಗಡೆ ಹಾಲಿನ ಕೆನೆಯಂತಹ ಬಿಳಿ ಜಿಡ್ಡು ಅಂಟಿರುತ್ತದೆ. ಅದು ಆವಿಯಾಗಿ ಹೋಗಬೇಕಿದ್ದ, ಹೋಗದೆ ಉಳಿದ ನೀರು.

ನಿಮ್ಮ ಮೆಕ್ಯಾನಿಕ್ ಹೇಳುವ ಮೂರು ಕೆಲಸಗಳಲ್ಲಿ ನಾನು ಖಡಾಖಂಡಿತವಾಗಿ ಬೇಡ ಎನ್ನುವುದು ವಾಲ್ವ್ ತೆಗೆಯುವುದನ್ನು. ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಒಂದು ಚಿಕ್ಕ ಹಿತ್ತಾಳೆಯ ಕುಪ್ಪಿ. ನೀರು ಬಿಸಿಯಾದಂತೆ ಮೇಣ ಕರಗಿ ಹಿಗ್ಗಿ ವಾಲ್ವನ್ನು ತಳ್ಳಿ ತೆರೆಯುತ್ತದೆ. ಅದರ ಮೇಲೆ 82 ಎಂದು ಅಚ್ಚೊತ್ತಿದ್ದರೆ 82 ಡಿಗ್ರಿಗೆ ತೆರೆಯಲು ಶುರುವಾಗಿ ಸುಮಾರು 95 ಡಿಗ್ರಿಗೆ ಪೂರ್ತಿ ತೆರೆಯುತ್ತದೆ ಎಂದರ್ಥ. ಘಾಟಿಯ ಅರ್ಧದಾರಿಯಲ್ಲಿ ನಿಮ್ಮ ಮುಳ್ಳು ಕೆಂಪಿನ ಬಳಿ ಇರುವಾಗ, ಸರಿಯಿರುವ ವಾಲ್ವ್ ಆಗಲೇ ಬಾಯಿ ಪೂರ್ತಿ ತೆರೆದು ಕೂತಿರುತ್ತದೆ. ಅದನ್ನು ಕಿತ್ತು ಬಿಸಾಡಿದರೆ ಅಲ್ಲಿ ಸಿಗುವ ಲಾಭ ತೀರಾ ಅಲ್ಪ. ಅಷ್ಟೇ ಅಲ್ಲ, ಹಲವು ಇಂಜಿನ್ನುಗಳಲ್ಲಿ ಇದೇ ವಾಲ್ವಿನ ಕೆಳಗಿನ ಬಿಲ್ಲೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ವಾಲ್ವ್ ತೆರೆದಂತೆ ಆ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚಿ, ನೀರೆಲ್ಲ ರೇಡಿಯೇಟರಿಗೇ ಹೋಗುವಂತೆ ಮಾಡುತ್ತದೆ. ವಾಲ್ವ್ ಇಲ್ಲದಿದ್ದರೆ ಬೈಪಾಸ್ ಸದಾ ತೆರೆದೇ ಇರುತ್ತದೆ, ಬಿಸಿನೀರಿನ ಒಂದು ಪಾಲು ರೇಡಿಯೇಟರಿನ ಮುಖ ನೋಡದೆ ಇಂಜಿನ್ನಿಗೇ ಮರಳುತ್ತದೆ. ತಂಪಾಗಲೆಂದು ತೆಗೆಸಿದ ಮೇಲೆ ಘಾಟಿಯಲ್ಲಿ ಇನ್ನಷ್ಟು ಬಿಸಿಯಾದ ಗಾಡಿಗಳಿಗೆ ಕಾರಣ ಇದು.

ವಾಲ್ವಿನ ಮೇಲೆ ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷಿಸಬಹುದು. ಅದರ ಬಾಯಿಗೆ ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ತೂಗುಬಿಟ್ಟು, ತಳಕ್ಕೆ ತಾಗದಂತೆ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಒಲೆಯ ಮೇಲಿಡಿ. ನೀರು ಕುದಿಯುವ ಮೊದಲೇ ದಾರ ಸಡಿಲಗೊಂಡು ವಾಲ್ವ್ ಟಣ್ಣನೆ ತಳಕ್ಕೆ ಬೀಳಬೇಕು. ನೀರು ಕೊತಕೊತ ಕುದಿದರೂ ದಾರ ಕಚ್ಚಿಕೊಂಡೇ ಇದ್ದರೆ ಹೊಸ ವಾಲ್ವ್ ಹಾಕಿಸಿ, ಖಾಲಿ ಬಿಡಬೇಡಿ.

ಇನ್ನು ನಿಜವಾದ ಕಾರಣಕ್ಕೆ ಬರೋಣ. ಇಳಿಯುವಾಗ, ಊರಿನಲ್ಲಿ ಓಡಾಡುವಾಗ ಸರಿಯಿದ್ದು, ಭಾರ ಹೊತ್ತು ನಿಧಾನವಾಗಿ ಹತ್ತುವಾಗ ಮಾತ್ರ ಬಿಸಿಯಾಗುತ್ತದೆ ಎಂದರೆ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ, ಇಲ್ಲವೇ ಅದರ ಕೊಳವೆಗಳಲ್ಲಿ ಒಂದಷ್ಟು ಕಟ್ಟಿಕೊಂಡಿವೆ. ಸೆಕೆಂಡ್ ಗೇರಿನಲ್ಲಿ ಹತ್ತುವ ಗಾಡಿಗೆ ಎದುರುಗಾಳಿಯ ನೆರವಿರುವುದಿಲ್ಲ, ಎಲ್ಲವನ್ನೂ ಫ್ಯಾನೇ ಎಳೆದುಕೊಳ್ಳಬೇಕು. (ಮಳೆಗಾಲದಲ್ಲಿ ಪಶ್ಚಿಮದ ಗಾಳಿ ನಿಮ್ಮ ಬೆನ್ನಿನ ಕಡೆಯಿಂದಲೇ ಬೀಸುವುದರಿಂದ ಫ್ಯಾನಿನ ಕೆಲಸ ಇನ್ನಷ್ಟು ಕಷ್ಟ.) ಆದ್ದರಿಂದ ಮೊದಲು ಫ್ಯಾನಿನ ಸುತ್ತ ಶ್ರೌಡ್, ಅಂದರೆ ಫ್ಯಾನನ್ನು ಬಳಸಿ ನಿಲ್ಲುವ ತಗಡಿನ ಕವಚ, ಇದೆಯೇ ನೋಡಿ. ಹಳೆಯ ಜೀಪುಗಳಲ್ಲಿ ಯಾವುದೋ ರಿಪೇರಿಗೆ ಬಿಚ್ಚಿದ ಈ ತಗಡು ಮರಳಿ ಜಾಗ ಸೇರದೆ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವುದೇ ಹೆಚ್ಚು. ಅದಿಲ್ಲದಿದ್ದರೆ ಫ್ಯಾನು ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ತನ್ನ ಸುತ್ತಲಿನ ಬಿಸಿ ಗಾಳಿಯನ್ನೇ ತಿರುವುತ್ತಿರುತ್ತದೆ. ಫ್ಯಾನ್ ಬೆಲ್ಟಿನ ಬಿಗಿ ನೋಡಿ. ರೇಡಿಯೇಟರಿನ ರೆಕ್ಕೆಗಳ ನಡುವೆ ತೋಟದ ರಸ್ತೆಯ ಕೆಸರು ಒಣಗಿ ಕೂತಿದ್ದರೆ ಇಂಜಿನ್ನಿನ ಕಡೆಯಿಂದ ಹೊರಕ್ಕೆ ನೀರು ಹಾಯಿಸಿ ತೊಳೆಯಿರಿ, ನೀರಿನ ರಭಸಕ್ಕೆ ರೆಕ್ಕೆ ಮಡಚಬಾರದು. ಘಾಟಿ ಹತ್ತಿ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ ಸ್ವಲ್ಪ ಹೊತ್ತಿನ ಮೇಲೆ ರೇಡಿಯೇಟರಿನ ಮೈಮೇಲೆ ಹುಷಾರಾಗಿ ಕೈಯಾಡಿಸಿದರೆ ಕೆಲವು ಕಡೆ ತಣ್ಣಗಿರುವುದು ಗೊತ್ತಾಗುತ್ತದೆ. ಅಲ್ಲಿಯ ಕೊಳವೆಗಳು ಕಟ್ಟಿಕೊಂಡಿವೆ. ತಾಮ್ರ ಹಿತ್ತಾಳೆಯ ರೇಡಿಯೇಟರಾದರೆ ಮೇಲಿನ ಟ್ಯಾಂಕು ಬಿಚ್ಚಿ ಸಲಾಕೆ ಹಾಯಿಸಿ ಬಿಡಿಸುತ್ತಾರೆ.

ಅಷ್ಟೇ ಮುಖ್ಯವಾದದ್ದು ರೇಡಿಯೇಟರ್ ಮುಚ್ಚಳ. 1,000 ಮೀಟರ್ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ 0.9 (ಒತ್ತಡದ ಅಳತೆ, ಬಾರ್‌ನಲ್ಲಿ) ಎಂದು ಬರೆದಿರುವ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಟ್ಟುಕೊಂಡು ಕುದಿಯುವ ಬಿಂದುವನ್ನು 20 ಡಿಗ್ರಿಯಷ್ಟು ಮೇಲಕ್ಕೆ ಒಯ್ಯುತ್ತದೆ. ಅದರ ರಬ್ಬರು ಸೆಟೆದುಕೊಂಡಿದ್ದರೆ ಈ ಲಾಭವೆಲ್ಲ ಹೋಗಿ, ನೀವು ಬೆಟ್ಟ ಹತ್ತಿದಂತೆ ನೀರು ಬೇಗ ಕುದಿಯುತ್ತದೆ. ಸಾವಿರಾರು ರೂಪಾಯಿಯ ಮಾರ್ಪಾಡಿಗೆ ಮುನ್ನ ಇಷ್ಟು ಸಣ್ಣ ವಸ್ತುವನ್ನು ಬದಲಿಸಿ ನೋಡುವುದರಲ್ಲಿ ನಷ್ಟವೇನಿಲ್ಲ.

ಇವೆಲ್ಲ ಮುಗಿದ ಮೇಲೂ ಮುಳ್ಳು ಏರಿದರೆ ರೇಡಿಯೇಟರಿನ ಮಾತು. ದೊಡ್ಡ ರೇಡಿಯೇಟರ್ ಹಾಕಿದ ಮಾತ್ರಕ್ಕೆ ದಿನನಿತ್ಯದ ಬಿಸಿ ಕಡಿಮೆಯಾಗುವುದಿಲ್ಲ, ಏಕೆಂದರೆ ಆ ಮಟ್ಟ ನಿರ್ಧರಿಸುವುದು ವಾಲ್ವ್. ಕಷ್ಟಕಾಲಕ್ಕೆ ಒದಗುವ ಶಕ್ತಿ ಮಾತ್ರ ಹೆಚ್ಚುತ್ತದೆ. ನಿಮಗೆ ಬೇಕಾದದ್ದೂ ಅದೇ. ಆದರೆ ನಾಲ್ಕು ಸಾಲಿನ ದಪ್ಪ ಕೋರಿನೊಳಗಿಂದ ಗಾಳಿ ಎಳೆಯಲು ನಿಮ್ಮ ಹಳೆಯ ಫ್ಯಾನು ತಿಣುಕುತ್ತದೆ, ಆದ್ದರಿಂದ ಮೂರು ಸಾಲು ಸಾಕು ಎಂಬುದು ನನ್ನ ಅಭಿಪ್ರಾಯ. ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವುದಾದರೆ ಕೈಯಿಂದ ಒತ್ತುವ ಸ್ವಿಚ್ಚಿನ ಮೇಲೆ ಬಿಡಬೇಡಿ, ನೀವು ಮರೆಯುವ ದಿನವೇ ಅದು ಬೇಕಾಗುತ್ತದೆ. ನೀರಿನ ಬಿಸಿಗೆ ತಾನೇ ಚಾಲೂ ಆಗುವ ಥರ್ಮೋ ಸ್ವಿಚ್, ರಿಲೇ, ಫ್ಯೂಸ್ ಮೂರೂ ಇರಲಿ, ಆಲ್ಟರ್ನೇಟರ್ ಆ ಹೊರೆ ತಾಳುತ್ತದೆಯೇ ಎಂದೂ ಕೇಳಿ.

ಘಾಟಿಯಲ್ಲಿ ಮುಳ್ಳು ಏರತೊಡಗಿದರೆ ಮೇಲಿನ ಗೇರಿನಲ್ಲಿ ಇಂಜಿನ್ನನ್ನು ಗುದ್ದಾಡಿಸದೆ ಒಂದು ಗೇರ್ ಇಳಿಸಿ. ಇಂಜಿನ್ ಜೋರಾಗಿ ತಿರುಗಿದಷ್ಟೂ ಫ್ಯಾನು, ವಾಟರ್ ಪಂಪು ಎರಡೂ ಜೋರಾಗುತ್ತವೆ. ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ. ನೀರು ಸೋರುತ್ತಿಲ್ಲವೆಂದಾದರೆ ಎರಡು ಮೂರು ನಿಮಿಷ ಇಂಜಿನ್ ಓಡುತ್ತಿರಲಿ, ಸೋರುತ್ತಿದ್ದರೆ ಕೂಡಲೇ ಬಂದ್ ಮಾಡಿ. ಬಿಸಿ ಇರುವಾಗ ಮುಚ್ಚಳ ತೆಗೆಯಬೇಡಿ, ಇಂಜಿನ್ನಿನ ಮೇಲೆ ತಣ್ಣೀರು ಸುರಿದು ಹೆಡ್ ಬಿರುಕು ಬಿಡಿಸಿಕೊಳ್ಳಬೇಡಿ.

ಪ್ರಶ್ನೆ: ನಮ್ಮದು ಕೋಲಾರದ ಕಡೆ, ಟ್ರ್ಯಾಕ್ಟರಿನ ರೇಡಿಯೇಟರಿಗೆ ಬೋರ್‌ವೆಲ್ ನೀರನ್ನೇ ಹಾಕುತ್ತಿದ್ದೇವೆ. ಕೂಲೆಂಟ್ ಹಾಕಿದರೆ ಇಂಜಿನ್ ಹೆಚ್ಚು ತಂಪಾಗಿರುತ್ತದೆಯೇ?

ಉತ್ತರ: ಬಿಸಿಯನ್ನು ಹೊರುವ ಶಕ್ತಿಯಲ್ಲಿ ಬರೀ ನೀರೇ ಮೇಲು, ಕೂಲೆಂಟಿನಲ್ಲಿರುವ ಗ್ಲೈಕಾಲ್ ಎಂಬ ದ್ರವ ಬೆರೆತಷ್ಟೂ ಆ ಶಕ್ತಿ ಕುಗ್ಗುತ್ತದೆ. ಕೂಲೆಂಟ್ ಹಾಕುವುದು ಬೇರೆ ಕಾರಣಕ್ಕೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಬಿಂದುವನ್ನು ಒಂದಿಷ್ಟು ಏರಿಸುತ್ತದೆ. ನಿಮ್ಮ ಶತ್ರು ನೀರಿನೊಳಗಿನ ಸುಣ್ಣ. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ಇಂಜಿನ್ನಿನ ಒಳಗೂ ಕಟ್ಟುತ್ತದೆ, ಅದರ ಮೂಲಕ ಬಿಸಿ ಸುಲಭವಾಗಿ ದಾಟುವುದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್‌ನಲ್ಲಿ ಬೆರೆಸಿದ ಕೂಲೆಂಟ್ ಹಾಕಿ. ಒಕ್ಕಣೆಯ ದಿನಗಳಲ್ಲಿ ರಾಗಿ ಹೊಟ್ಟು ಹಿಡಿದು ರೇಡಿಯೇಟರಿನ ಮುಂದಿನ ಜಾಲರಿ ಮುಚ್ಚಿಹೋಗುತ್ತದೆ, ಅದನ್ನು ದಿನಕ್ಕೆರಡು ಬಾರಿ ಕೊಡವಿ. ಕೂಲೆಂಟ್ ರುಚಿಗೆ ಸಿಹಿ, ಆದರೆ ವಿಷ. ಬಸಿದದ್ದನ್ನು ದನ, ನಾಯಿಗಳು ನೆಕ್ಕುವ ಕಡೆ ಬಾಣಲೆಯಲ್ಲಿ ಬಿಡಬೇಡಿ.